ಡ್ರೈವರ್ ಮಗ್ಗಲಿನ ಕೋಣೆ

ಇಂಡಿಯಿಂದ ಬಿಜಾಪುರದ ಕಾಲೇಜಿಗೆ ಓಡಾಡಿದ ಮೂರು ವರ್ಷವೂ ನಾನು ಒಂದು ಪಟ್ಟಿ ಇಟ್ಟಿದ್ದೆ. ದಿನಚರಿಯ ಪುಟದ ಕೆಳಗೆ ಎರಡು ಸಾಲು: ಹೋಗುವಾಗ ಬಸ್ಸಿನ ಯಾವ ಬದಿಗೆ ಬಿಸಿಲು, ಬರುವಾಗ ಯಾವ ಬದಿಗೆ. ಕೊನೆಯ ಪರೀಕ್ಷೆ ಮುಗಿದ ಮರುದಿನ ಕೂತು ಒಟ್ಟು ಹಾಕಿದೆ. 571 ದಿನ ಓಡಾಡಿದ್ದೆ. ಬಲಗಡೆ ಬಿಸಿಲು ಬಿದ್ದದ್ದು 9 ಸಲ ಮಾತ್ರ, ಆ ಒಂಬತ್ತು ದಿನವೂ ರಸ್ತೆ ಕೆಟ್ಟು ಬಸ್ಸು ಸುತ್ತಿ ಹೋಗಿತ್ತು. ಕಾರಣ ಸರಳ. ಬೆಳಿಗ್ಗೆ ಬಸ್ಸು ಹೆಚ್ಚುಕಡಿಮೆ ದಕ್ಷಿಣಕ್ಕೆ ಮುಖ ಮಾಡಿ ಹೋಗುತ್ತದೆ, ಸೂರ್ಯ ಎಡಕ್ಕೆ. ಸಂಜೆ ಉತ್ತರಕ್ಕೆ ಮುಖ ಮಾಡಿ ಬರುತ್ತದೆ, ಆಗಲೂ ಸೂರ್ಯ ಎಡಕ್ಕೆ. ಬಲಗಡೆ, ಅಂದರೆ ಡ್ರೈವರ್ ಕೂರುವ ಮಗ್ಗಲು, ಎರಡೂ ದಾರಿಗೆ ನೆರಳು. ನಮ್ಮೂರಿನಲ್ಲಿ ಇದು ಗೊತ್ತಿಲ್ಲದವರಿಲ್ಲ. ಬಸ್ಸು ನಿಲ್ದಾಣದೊಳಗೆ ತಿರುಗುವ ಮೊದಲೇ ಡ್ರೈವರ್ ಮಗ್ಗಲಿನ ಕಿಟಕಿಗಳೊಳಗೆ ಟವೆಲ್ಲು, ಚೀಲ, ಟಿಫಿನ್ ಡಬ್ಬಿ ಹಾರಿ ಬೀಳುತ್ತವೆ. ನಾನು ಅದನ್ನು ಅಂಕಿಯಲ್ಲಿ ಬರೆದಿಟ್ಟಿದ್ದೆ, ಅಷ್ಟೇ. ಮನೆಯಲ್ಲಿ ಎಲ್ಲರೂ ಆ ಪಟ್ಟಿಯನ್ನು ನೋಡಿ ನಗುತ್ತಿದ್ದರು. 2005ರ ಆಗಸ್ಟಿನಲ್ಲಿ ಮಾತ್ರ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಅಪ್ಪನ ಅಕ್ಕ, ನನ್ನ ಅತ್ತೆ, ಆ ವರ್ಷ ಮೇ ತಿಂಗಳಲ್ಲಿ ನಿವೃತ್ತಳಾಗಿದ್ದಳು. ತಂಗಡಗಿಯ ಶಾಲೆಯಲ್ಲಿ ಆರಂಭಿಸಿ, ಮುದ್ದೇಬಿಹಾಳ, ಸಿಂದಗಿ ಎಂದು ವರ್ಗವಾಗುತ್ತ, ಕೊನೆಗೆ ಬಸವನ ಬಾಗೇವಾಡಿಯಲ್ಲಿ ಹೆಣ್ಣುಮಕ್ಕಳ ಶಾಲೆಯಿಂದ ಹೊರಬಿದ್ದವಳು. ಮದುವೆಯಾಗಿರಲಿಲ್ಲ. ಬಾಗೇವಾಡಿಯಲ್ಲೇ ಒಬ್ಬಳೇ ಇದ್ದಳು. ಅವಳಿಗೆ ಹನ್ನೆರಡು ವರ್ಷಗಳಿಂದ ಒಂದು ಕಾಯಿಲೆ. ಬಿಸಿಲು ತಾಗಿದರೆ ಮುಖದ ಮೇಲೆ, ತೋಳಿನ ಮೇಲೆ ಕೆಂಪು ಗುಳ್ಳೆ ಏಳುತ್ತಿದ್ದವು. ಮರುದಿನ ಜ್ವರ, ಆಮೇಲೆ ವಾರಗಟ್ಟಲೆ ಕೈಬೆರಳಿನ ಗೆಣ್ಣುಗಳೆಲ್ಲ ಬಾತುಕೊಳ್ಳುತ್ತಿದ್ದವು. ನೆರಳಿನಲ್ಲಿದ್ದರೆ ಏನೂ ಇಲ್ಲ, ಬಿಸಿಲಿಗೆ ಮಾತ್ರ ಬೀಳಬೇಡಿ ಎಂದು ಬಿಜಾಪುರದ ಡಾಕ್ಟರು ಹೇಳಿದ್ದರು. ನಮ್ಮ ಸೀಮೆಯಲ್ಲಿ ಬಿಸಿಲಿಗೆ ಬೀಳದೆ ಬದುಕುವುದು ಹೇಗೆ ಎಂದು ಅವರು ಹೇಳಲಿಲ್ಲ. ಅತ್ತೆ ಉದ್ದ ತೋಳಿನ ಕುಪ್ಪಸ ಹೊಲಿಸಿಕೊಂಡು, ಕೊಡೆ ಹಿಡಿದು, ಗೋಡೆ ಹಿಡಿದು ನಡೆಯುತ್ತ ಆ ಹನ್ನೆರಡು ವರ್ಷ ಕಳೆದಳು.

ಅವಳಿಗೆ ಹಗಲಿನಲ್ಲಿ ಸಮುದ್ರ ನೋಡಬೇಕಿತ್ತು. ಒಮ್ಮೆ ಕಾರವಾರಕ್ಕೆ ಒಂದು ಮದುವೆಗೆ ಹೋದಾಗ ಎಲ್ಲರೂ ದಂಡೆಗೆ ಓಡಿದರು, ಅತ್ತೆ ಜೀಪಿನಲ್ಲೇ ಕೂತಳು. ಮರಳಿನ ಮೇಲೆ ಎಲ್ಲಿಯ ನೆರಳು? ಹೊತ್ತು ಮುಳುಗಿದ ಮೇಲೆ ಇಳಿದು ಹೋದಳು.

"ಏನ್ ಕಂಡ್ರಿ ಅತ್ತಿ?" ಎಂದು ನಾನು ಕೇಳಿದ್ದೆ. ಆಗ ನನಗೆ ಹದಿನಾಲ್ಕು.

"ಬರೀ ಸಪ್ಪಳ," ಅಂದಳು. "ಮೂವತ್ತು ವರ್ಷ ಹುಡಿಗ್ಯಾರಿಗೆ ಸಮುದ್ರದ ಪಾಠ ಮಾಡೇನಿ. ಕತ್ತಲಾಗ ಸಪ್ಪಳ ಕೇಳಿ ಬಂದೆ ಅಂತ ಯಾರ ಮುಂದ ಹೇಳ್ಲಿ?"

ಹಾಗಾಗಿ ಮುಂಬೈಯಿಂದ ಗೋವಾಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ದೊಡ್ಡ ಹಡಗೊಂದಿದೆ, ಅದರಲ್ಲಿ ಕೋಣೆಗೆ ಹೊಂದಿಕೊಂಡೇ ಸೂರು ಇರುವ ಬಾಲ್ಕನಿ ಕೊಡುತ್ತಾರೆ ಎಂದು ಕಾಕಾ ಎಲ್ಲಿಂದಲೋ ಸುದ್ದಿ ತಂದಾಗ ಅತ್ತೆಯ ಮುಖ ನೋಡಬೇಕಿತ್ತು. ಕುರ್ಚಿ, ನೆರಳು, ಎದುರಿಗೆ ಸಮುದ್ರ. ಕಾಕಾ, ನನ್ನ ಅಪ್ಪನ ತಮ್ಮ, ಇಂಡಿಯ ಮಾರುಕಟ್ಟೆಯಲ್ಲಿ ನಿಂಬೆಹಣ್ಣಿನ ವ್ಯಾಪಾರಿ. ಸೊಲ್ಲಾಪುರದ ಒಬ್ಬ ಪ್ರವಾಸಿ ಏಜೆಂಟನ ಪರಿಚಯವಿತ್ತು. ಎಲ್ಲಾ ನನಗ ಬಿಡ್ರಿ ಎಂದು ಹೇಳಿದ. ಬಿಟ್ಟೆವು.

ಆಗಸ್ಟ್ 22, ಶ್ರಾವಣ ಸೋಮವಾರ. ಕಾಕಾನ ಅಂಗಡಿಗೆ ಉಪವಾಸದ ಫರಾಳ ಕೊಡಲು ಹೋಗಿದ್ದೆ. ಏಜೆಂಟನ ಫೋನು ಬಂದಿತ್ತು. ಕಾಕಾ ಫೋನಿನ ಬಾಯಿಗೆ ಕೈ ಮುಚ್ಚಿ ಇಡೀ ಅಂಗಡಿಗೆ ಕೇಳುವಂತೆ ಅಂದ: "ಎಡಕ್ಕೋ ಬಲಕ್ಕೋ ಅಂತ ಕೇಳಾಕತ್ತಾನ."

ನಿಂಬೆ ಆರಿಸುತ್ತಿದ್ದ ಹೆಂಗಸರು, ಚೀಲ ಹೊರುವವರು, ಗಿರಾಕಿಗಳು, ಎಲ್ಲರೂ ತಲೆ ಎತ್ತಿದರು.

"ಡ್ರೈವರ್ ಮಗ್ಗಲ ಹೇಳ್ರಿ ಸಾವ್ಕಾರ," ಅಂದ ಒಬ್ಬ ಹಮಾಲ.

"ಹಡಗಿನ ಡ್ರೈವರ್ ಎಲ್ಲಿ ಕುಂದರ್ತಾನೋ ಮಾರಾಯ?"

"ಎಲ್ಲಿ ಕುಂತ್ರೂ ಬಲಕs ಕುಂದರ್ತಾನ್ರಿ. ಎಡಕ್ಕ ಕುಂತ್ರ ಕಂಡಕ್ಟರ್ ಎಲ್ಲಿ ಕುಂದರಬೇಕು?"

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ನನ್ನ ಕಡೆ ತಿರುಗಿದ. "ಏ ಹುಡುಗಿ, ನಿನ್ನ ಪಟ್ಟಿ ಏನಂತೈತಿ? ಹಡಗ ದಕ್ಷಿಣಕ್ಕ ಹೋಗ್ತೈತಿ, ಉತ್ತರಕ್ಕ ವಾಪಸ್ ಬರ್ತೈತಿ. ಹೇಳು ಲಗೂನ, ಅವನ ಫೋನಿನ ಬಿಲ್ ಏರ್ತೈತಿ."

ಮೂರು ವರ್ಷದಲ್ಲಿ ಮೊದಲ ಸಲ ಯಾರೋ ನನ್ನ ಪಟ್ಟಿಯನ್ನು ಕೇಳಿದ್ದರು. ದಕ್ಷಿಣಕ್ಕೆ ಹೋಗುವುದು, ಉತ್ತರಕ್ಕೆ ಬರುವುದು: ನಮ್ಮ ಬಿಜಾಪುರದ ಬಸ್ಸಿನಂತೆಯೇ. "ಬಲಗಡೆ, ಎರಡೂ ದಾರಿಗೂ ನೆಳ್ಳು," ಅಂದೆ, ಒಂದು ಕ್ಷಣವೂ ಯೋಚಿಸದೆ. ಕಾಕಾ ಮರಾಠಿಯಲ್ಲಿ ಬಲಗಡೆ ಎಂದು ಹೇಳಿ ಫೋನಿಟ್ಟ. ನನಗೂ ಅತ್ತೆಗೂ ಸೇರಿ ಬಾಲ್ಕನಿಯ ಕೋಣೆ. ಕಾಕಾನಿಗೆ ಕಿಟಕಿಯೇ ಇಲ್ಲದ ಒಳಕೋಣೆ, ಮಲಗಾಕ ಯಾಕ ಬೇಕು ಕಿಟಕಿ ಎಂದು. ಸಂಜೆ ಬಾಗೇವಾಡಿಗೆ ಫೋನು ಮಾಡಿ ಅತ್ತೆಗೆ ತಿಳಿಸಿದೆವು. ಆಗಲಿ ಬಿಡ್ರಿ ಎಂದಳು.

ಅಕ್ಟೋಬರ್ 3ರಂದು ಟಪಾಲಿನಲ್ಲಿ ಹಡಗಿನ ವೇಳಾಪಟ್ಟಿ ಬಂತು. ಮುಂಬೈ ಬಿಡುವುದು ಮಧ್ಯಾಹ್ನ ನಾಲ್ಕಕ್ಕೆ. ರಾತ್ರಿಯಿಡೀ ಪ್ರಯಾಣ. ಬೆಳಿಗ್ಗೆ ಏಳಕ್ಕೆ ಗೋವಾದ ಬಂದರು, ಹಗಲೆಲ್ಲ ಅಲ್ಲೇ ನಿಲುಗಡೆ. ಸಂಜೆ ಏಳಕ್ಕೆ ಅಲ್ಲಿಂದ ಹೊರಟು ಬೆಳಿಗ್ಗೆ ಮುಂಬೈ. ಎರಡು ಸಲ ಓದಿದೆ. ಮೂರನೆಯ ಸಲ ಓದುವಾಗ ಬೆರಳು 'ನಾಲ್ಕಕ್ಕೆ' ಎಂಬಲ್ಲಿ ನಿಂತಿತು. ಬಸ್ಸು ದಕ್ಷಿಣಕ್ಕೆ ಹೋಗುವುದು ಬೆಳಿಗ್ಗೆ. ಹಡಗು ದಕ್ಷಿಣಕ್ಕೆ ಹೋಗುವುದು ಸಂಜೆ! ಸಂಜೆ ದಕ್ಷಿಣಕ್ಕೆ ಮುಖ ಮಾಡಿದರೆ ಪಡುವಣ ಬಲಗಡೆಗೆ ಬರುತ್ತದೆ. ಇಡೀ ಪ್ರವಾಸದಲ್ಲಿ ಬೆಳಕಿನಲ್ಲಿ ನಡುಸಮುದ್ರ ಕಾಣುವುದು ಒಂದೇ ಹೊತ್ತು, ಮೊದಲ ದಿನ ನಾಲ್ಕರಿಂದ ಆರರವರೆಗೆ. ಮಿಕ್ಕಿದ್ದೆಲ್ಲ ಒಂದೋ ಕತ್ತಲು ಇಲ್ಲವೇ ಬಂದರಿನ ಗೋಡೆ. ಆ ಎರಡು ತಾಸು ನಮ್ಮ ಬಾಲ್ಕನಿಯ ಮೇಲೆ ಬಿಸಿಲು ನೇರವಾಗಿ ಬೀಳುತ್ತದೆ. ಇಳಿಬಿಸಿಲು, ಸೂರು ತಡೆಯುವ ಬಿಸಿಲಲ್ಲ. 571 ದಿನ ಬರೆದವಳು ಗಂಟೆ ಎಷ್ಟೆಂದು ಕೇಳಿರಲಿಲ್ಲ.

ಅಡುಗೆಮನೆಯ ನೆಲದ ಮೇಲೆ ಲಟ್ಟಣಿಗೆಯನ್ನು ಹಡಗು ಮಾಡಿ, ನಿಂಬೆಹಣ್ಣನ್ನು ಸೂರ್ಯ ಮಾಡಿ ಕಾಕಾನಿಗೆ ತೋರಿಸಿದೆ. ಅವನು ಲಟ್ಟಣಿಗೆ ನೋಡಿದ, ನಿಂಬೆ ನೋಡಿದ, ನಿಂಬೆ ಎತ್ತಿ ಮೂಸಿದ.

"ಇದು ಯಾರ ತ್ವಾಟದ್ದು?"

"ಕಾಕಾ, ಹಣ್ಣಿನ ಮಾತಲ್ರಿ ಇದು. ಎಡಗಡಿ ಕೋಣಿ ಬೇಕು ಅಂತ ಹೇಳ್ರಿ ಅವಗ."

"ಆಗಸ್ಟ್‌ನ್ಯಾಗ ಬಲ ಅಂದಿ, ಅಕ್ಟೋಬರ್‌ನ್ಯಾಗ ಎಡ ಅಂತಿ. ದೀಪಾವಳಿಗೆ ಏನಂತಿ, ನಡೂವ? ಅವಾ ನಮ್ಮನ್ನ ಹುಚ್ಚರು ಅಂದಾನು."

"ತಪ್ಪಿದ್ದೇನಿ ಅಂತ ಒಪ್ಪಕೋಳಾಕತ್ತೇನಲ್ರಿ!"

"ಒಪ್ಪಕೋ, ಬ್ಯಾಡ ಅಂದೋರ್ಯಾರು? ಬಸ್ಸಿನ್ಯಾಗ ಹೆಂಗೋ ಹಡಗಿನ್ಯಾಗೂ ಹಂಗ. ಸೂರ್ಯ ಎರಡ ಇಲ್ಲ." ಅವ್ವ ಬಂದು ಹಿಟ್ಟು ನಾದಿಯಾಗೈತಿ ಎನ್ನುತ್ತ ಲಟ್ಟಣಿಗೆ ಎತ್ತಿಕೊಂಡು ಹೋದಳು.

ಕೊನೆಗೆ ಕಾಕಾ ಒಂದು ದಾರಿ ಹಿಡಿದ. ಚಡಚಣದ ಒಬ್ಬ ದ್ರಾಕ್ಷಿ ಬೆಳೆಗಾರ ಅದೇ ಹಡಗಿನಲ್ಲಿ ಹೋಗಿಬಂದಿದ್ದಾನೆ, ಅವನನ್ನೇ ಕೇಳೋಣ ಎಂದು ನನ್ನನ್ನು ಮೋಟಾರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟ. ಬೆಳೆಗಾರ ದ್ರಾಕ್ಷಿ ಚಪ್ಪರದ ಕೆಳಗೆ ಕೂರಿಸಿ ಚಹಾ ಕೊಟ್ಟ. ಸಂಜೆ ಬಾಲ್ಕನಿಯಲ್ಲಿ ಯಾವ ಕಡೆ ಬಿಸಿಲಿತ್ತು ಎಂದು ನಾನು ಕೇಳಿದೆ.

"ಬಾಲ್ಕನಿ ಇತ್ತೇನ?" ಎಂದು ಅವನು ತನ್ನ ಹೆಂಡತಿಯನ್ನು ಕೇಳಿದ.

"ಇತ್ತು. ನೀವು ಪರದಾ ತಗೀಲಿಲ್ಲ," ಅಂದಳು ಆಕೆ. "ಇಸ್ಪೀಟ್ ಎಲಿ ಗಾಳಿಗೆ ಹಾರ್ತಾವ ಅಂತ ಬಾಗಿಲಾ ಹಾಕ್ಕೊಂಡು ಕುಂತಿದ್ರಿ."

ವಾಪಸ್ ಬರುವಾಗ ಹೊರ್ತಿಯ ಹತ್ತಿರ ಗಾಡಿ ಪಂಕ್ಚರಾಯಿತು. ಒಂದೂವರೆ ತಾಸು ಕಾದೆವು. ಅಷ್ಟು ಹೊತ್ತೂ ಕಾಕಾ ಚಡಚಣದ ದ್ರಾಕ್ಷಿಯ ಗುಣ ಹೊಗಳಿದ.

ಇನ್ನು ನಾನೇ ಏಜೆಂಟನಿಗೆ ಫೋನು ಮಾಡತೊಡಗಿದೆ. ಲೆಕ್ಕ ಇಲ್ಲಿದೆ: ಒಟ್ಟು 14 ಸಲ. ಐದು ಸಲ ಸಿಗಲಿಲ್ಲ. ಆರು ಸಲ 'ನಾಳೆ ನೋಡುತ್ತೇನೆ'. ಮೂರು ಸಲ 'ಹೋ ತಾಯಿ, ಬದಲಾಯಿಸಿಬಿಟ್ಟೆ'. ನವೆಂಬರ್ 19ರಂದು ಟಿಕೆಟ್ಟು ಬಂತು. ಜೊತೆಗಿದ್ದ ಹಡಗಿನ ನಕ್ಷೆಯಲ್ಲಿ ನಮ್ಮ ಕೋಣೆಯ ಸಂಖ್ಯೆ ಹುಡುಕಿದೆ. ಬಲಗಡೆ. ಹದಿನೈದನೆಯ ಸಲ ಫೋನು ಮಾಡಿದಾಗ, ಇನ್ನು ಎಲ್ಲಾ ಕೋಣೆ ಭರ್ತಿ, ಮೊದಲೇ ಹೇಳಬೇಕಿತ್ತು ಎಂದ. ನಾನು ಫೋನನ್ನು ಎಷ್ಟು ಜೋರಾಗಿ ಇಟ್ಟೆನೆಂದರೆ ಅದರ ಮೇಲೆ ಹೊದಿಸಿದ್ದ ಕಸೂತಿ ಬಟ್ಟೆ ನೆಲಕ್ಕೆ ಬಿತ್ತು.

ಅತ್ತೆಗೆ ನಾನು ಇದನ್ನು ಹೇಳಲಿಲ್ಲ. ಹೇಳಿದರೆ ಬೇಡವೆಂದು ಬಿಟ್ಟಾಳು ಎಂದು ಭಯ. ಅದರ ಬದಲು ತಯಾರಿ ಮಾಡಿಕೊಂಡೆ: ದಪ್ಪ ಚಾದರ ಒಂದು, ಹಗ್ಗ ನಾಲ್ಕು ಮೊಳ, ಬಟ್ಟೆ ಒಣಹಾಕುವ ಚಿಮಟಿ ಹನ್ನೆರಡು.

ಡಿಸೆಂಬರ್ 10, ಶನಿವಾರ. ಸೊಲ್ಲಾಪುರದಿಂದ ರೈಲಿನಲ್ಲಿ ಮುಂಬೈ ತಲುಪಿ, ಮಧ್ಯಾಹ್ನ ಹಡಗು ಹತ್ತಿದೆವು. ಹಡಗಿನೊಳಗೆ ಎರಡು ಉದ್ದನೆಯ ಓಣಿಗಳು, ಒಂದು ಎಡಕ್ಕೆ, ಒಂದು ಬಲಕ್ಕೆ. ನಡುವೆ ಕಿಟಕಿಯಿಲ್ಲದ ಕೋಣೆಗಳು. ನಾನು ಕೌಂಟರಿಗೆ ಹೋಗಿ ಎಡಗಡೆಯ ಕೋಣೆಗಾಗಿ ಮತ್ತೊಮ್ಮೆ ಬೇಡಿದೆ. ಅಲ್ಲಿದ್ದವಳು ಬಹಳ ಚೆನ್ನಾಗಿ ನಕ್ಕು ಇಲ್ಲ ಎಂದಳು. ನಾಲ್ಕು ಹತ್ತಕ್ಕೆ ಹಡಗು ಅಲುಗಿತು. ಬಂದರು ದಾಟಿ ಮುಖ ದಕ್ಷಿಣಕ್ಕೆ ತಿರುಗುತ್ತಿದ್ದಂತೆ ಬಿಸಿಲು ನಮ್ಮ ಬಾಲ್ಕನಿಗೆ ಬಂತು. ಮೊದಲು ಕಟಕಟೆಯ ಮೇಲೆ, ಆಮೇಲೆ ಎರಡೂ ಕುರ್ಚಿಗಳ ಮೇಲೆ, ಆಮೇಲೆ ಗಾಜಿನ ಬಾಗಿಲು ದಾಟಿ ಹಾಸಿಗೆಯ ಅಂಚಿನವರೆಗೆ. ಲಟ್ಟಣಿಗೆ ಹೇಳಿದ್ದಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಲೆಕ್ಕ ಸರಿಯಾಗಿ ಬಂದದ್ದಕ್ಕೆ ಅಷ್ಟು ಸಿಟ್ಟು ನನಗೆ ಎಂದೂ ಬಂದಿಲ್ಲ.

ಅತ್ತೆ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಹಾಸಿಗೆಯ ಆಚೆ ಬದಿಗೆ, ಗೋಡೆಗೆ ಒತ್ತಿ ಕೂತಳು. ಸಮುದ್ರ ಆರೇಳು ಮಾರು ದೂರದಲ್ಲಿತ್ತು. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದಳು. ಅಲ್ಲಿಂದ ಕಾಣುತ್ತಿದ್ದದ್ದು ಬಿಳಿ ಝಳ ಮಾತ್ರ.

ನಾನು ಚಾದರ ತೆಗೆದು ಸೂರಿನ ಕಂಬಿಗೂ ಕಟಕಟೆಗೂ ಕಟ್ಟತೊಡಗಿದೆ. ಗಾಳಿ ಅದನ್ನು ಹಾಯಿಯಂತೆ ಊದಿಸಿ ನನ್ನ ಮುಖಕ್ಕೇ ಬಡಿಯಿತು. ಎರಡು ಚಿಮಟಿ ಸಮುದ್ರಕ್ಕೆ ಹೋದವು. ಹೇಗೋ ಮೂರು ಮೂಲೆ ಬಿಗಿದೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಬಿಳಿ ಅಂಗಿಯ ಸಿಬ್ಬಂದಿಯವನೊಬ್ಬ ಬಂದು, ಕಟಕಟೆಗೆ ಬಟ್ಟೆ ಕಟ್ಟುವಂತಿಲ್ಲ, ಹಾರಿಹೋಗಿ ಯಂತ್ರಕ್ಕೆ ಸಿಕ್ಕಿದರೆ ಯಾರು ಹೊಣೆ ಎಂದು ಹಿಂದಿಯಲ್ಲಿ ಹೇಳಿ, ತಾನೇ ನಿಂತು ಬಿಚ್ಚಿಸಿದ. ನಾಲ್ಕು ನಲವತ್ತು. ಕೊಡೆ ಬಿಚ್ಚಿ ನೋಡಿದೆ. ಒಂದೇ ಏಟಿಗೆ ಕಡ್ಡಿಗಳೆಲ್ಲ ಮೇಲ್ಮುಖವಾದವು.

"ಬಿಡು ತಂಗಿ," ಅಂದಳು ಅತ್ತೆ. "ಎಷ್ಟ ಒದ್ದಾಡ್ತಿ?"

"ಸುಮ್ನ ಕುಂದರ್ರಿ ಅತ್ತಿ ನೀವು!" ಹಾಗೆಯೇ ಅಂದೆ. ಅವಳ ಮೇಲೆ ದನಿ ಎತ್ತಿದ್ದು ಅದೇ ಮೊದಲು.

ಕಾಕಾ ಬಂದ. ಬಾಲ್ಕನಿಗೆ ಹೋಗಿ ಬಿಸಿಲಿನ ಕುರ್ಚಿಯಲ್ಲಿ ಕಾಲು ಚಾಚಿದ. "ಅಬಾಬಾ, ಏನ ಗಾಳಿ! ಅಕ್ಕಾ, ಬಾರs ಇಲ್ಲಿ." ಆಮೇಲೆ ನನ್ನ ಮುಖ ನೋಡಿ ಎದ್ದು, ಊಟದ ಮನೆ ಎಲ್ಲಿದೆ ನೋಡಿ ಬರುತ್ತೇನೆಂದು ಜಾರಿಕೊಂಡ.

ನಾನು ಒಂದು ಕುರ್ಚಿಯನ್ನು ಮಗುಚಿ, ಅದರ ಬೆನ್ನಿಗೆ ಚಾದರ ಹೊದಿಸಿ, ಹಿಂದೆ ಒಬ್ಬರು ಕೂರುವಷ್ಟು ನೆರಳಾಗುತ್ತದೆಯೇ ಎಂದು ನೆಲದ ಮೇಲೆ ಮಂಡಿಯೂರಿ ನೋಡಿದೆ. ಆಗುತ್ತಿತ್ತು, ಆದರೆ ಅದರ ಹಿಂದೆ ಕೂತರೆ ಕಾಣುವುದು ಚಾದರ. ಇನ್ನೂ ಸ್ವಲ್ಪ ಓರೆ ಮಾಡಿದೆ. ಇನ್ನೂ ಸ್ವಲ್ಪ. ಕೊನೆಗೆ ಒಂದು ಗೇಣು ಸಂದಿ ಸಿಕ್ಕಿತು. "ಅತ್ತಿ, ಈಗ ಬರ್ರಿ," ಎನ್ನುತ್ತ ತಿರುಗಿದೆ. ಹಾಸಿಗೆಯ ಮೇಲೆ ಅತ್ತೆ ಇರಲಿಲ್ಲ. ಬಚ್ಚಲಿನಲ್ಲೂ ಇರಲಿಲ್ಲ. ಗಂಟೆ ಐದೂ ಐದು.

ನಮ್ಮ ಓಣಿಯುದ್ದಕ್ಕೂ ಓಡಿದೆ. ಲಿಫ್ಟಿನ ಹತ್ತಿರ, ಊಟದ ಮನೆಯಲ್ಲಿ, ಅಂಗಡಿಗಳ ಮುಂದೆ, ಎಲ್ಲೂ ಇಲ್ಲ. ಮೇಲಿನ ಬಯಲು ಡೆಕ್ಕಿಗೆ ಹೋಗಿ ಬಿಸಿಲಿಗೆ ಬಿದ್ದಿದ್ದಾಳೆಯೇ ಎಂದು ಅಲ್ಲಿಗೂ ಹತ್ತಿದೆ. ಜನ ಕುಣಿಯುತ್ತಿದ್ದರು. ಇಳಿದು, ಎಡಗಡೆಯ ಓಣಿಗೆ ಬಂದೆ. ಅರ್ಧ ಓಣಿ ದಾಟಿದಾಗ ಅರೆತೆರೆದ ಒಂದು ಬಾಗಿಲಿನೊಳಗಿಂದ ಅತ್ತೆಯ ದನಿ ಕೇಳಿಸಿತು. ತರಗತಿಯಲ್ಲಿ ಪಾಠ ಮಾಡುವ ದನಿ, ಅರ್ಧ ಮರಾಠಿ, ಅರ್ಧ ಕನ್ನಡ.

ಪುಣೆ ಕಡೆಯ ಮುದುಕ ದಂಪತಿಯ ಕೋಣೆ ಅದು. ಅತ್ತೆ ಅವರ ಬಾಲ್ಕನಿಯಲ್ಲಿ, ತಂಪು ನೆರಳಿನಲ್ಲಿ, ಕಟಕಟೆಯ ಮೇಲೆ ಬರಿಗೈ ಇಟ್ಟುಕೊಂಡು ಕೂತಿದ್ದಳು. ತೋಳಿನ ಗುಂಡಿ ಬಿಚ್ಚಿ ಮೇಲಕ್ಕೆ ಮಡಿಚಿದ್ದಳು. ಅವಳ ಮೊಣಕೈಯನ್ನು ನಾನು ಹಗಲಿನಲ್ಲಿ ಕಂಡದ್ದು ಯಾವಾಗಲೋ.

"ಬಾ," ಅಂದಳು ಹಿಂತಿರುಗದೆ. "ಪರವೂರಿನ್ಯಾಗ ಬಿಸಿಲಿಗೆ ಸಿಕ್ರ ಯಾರದರ ಮನಿ ಬಾಗಲಾ ಬಡಿತಿರಲಿಲ್ಲೇನು ನಾನು? ಇಲ್ಲೂ ಬಡಿದ್ನಿ. ಒಂದೀಟು ನೆಳ್ಳಿಗೆ ಕುಂದರ್ತೇನ್ರಿ ಅಂದೆ."

ನಾಚಿಕೆಯಿಂದ ನನ್ನ ಕಿವಿ ಕಾದವು. ಕ್ಷಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಮುದುಕರು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ನನ್ನ ಮುಂದೆ ನಿಂತಿದ್ದರು. ಅವರಿಗೆ ಸೂರ್ಯಾಸ್ತ ಬೇಕಿತ್ತಂತೆ. ಅದಕ್ಕಾಗಿಯೇ ಬಂದದ್ದು, ಆದರೆ ಏಜೆಂಟ್ ಎಡಗಡೆಯ ಕೋಣೆ ಕೊಟ್ಟುಬಿಟ್ಟನಂತೆ. ನಿಮ್ಮ ಕಡೆ ಚೆನ್ನಾಗಿ ಕಾಣುತ್ತದೆಂದು ಈ ಟೀಚರ್ ಬಾಯಿ ಹೇಳಿದರು, ಕರೆದುಕೊಂಡು ಹೋಗುತ್ತೀಯಾ ಮಗಳೇ ಎಂದು ಮರಾಠಿಯಲ್ಲಿ ಕೇಳಿದರು. ಕೀಲಿ ನನ್ನ ಕೈಯಲ್ಲಿತ್ತು. ಐದೂ ಇಪ್ಪತ್ತೈದು. ಇಲ್ಲ ಎನ್ನುವುದು ಹೇಗೆ?

ಮುದುಕರ ಹೆಂಡತಿಯೂ ಬಂದರು. ನಾನು ಅವರಿಬ್ಬರನ್ನೂ ನಮ್ಮ ಕೋಣೆಗೆ ಕರೆತಂದು, ಮಗುಚಿದ ಕುರ್ಚಿ ನೆಟ್ಟಗೆ ಮಾಡಿ, ಚಾದರ ಸುತ್ತಿ, ಬಾಲ್ಕನಿಯಲ್ಲಿ ಕೂರಿಸಿದೆ. ಅವರು ಬಹಳ ಸಂತೋಷಪಟ್ಟರು. ನನ್ನನ್ನೂ ಫೋಟೊದಲ್ಲಿ ನಿಲ್ಲಿಸಿದರು. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಆರೂ ಐದಕ್ಕೆ ಸೂರ್ಯ ಮುಳುಗಿತು. ಮುದುಕರು ಇಪ್ಪತ್ತೆರಡು ಚಿತ್ರ ತೆಗೆದರು. ಅವರನ್ನು ಎಬ್ಬಿಸಿಕೊಂಡು ಎಡಗಡೆಯ ಓಣಿಗೆ ಬರುವ ಹೊತ್ತಿಗೆ ನೀರು ಕಪ್ಪಾಗಿತ್ತು. ಅತ್ತೆ ಬಾಗಿಲ ಹೊರಗೆ, ತೋಳಿನ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದಳು.

ಊಟದ ಮನೆಯಲ್ಲಿ ಕಾಕಾ ಮೂರನೆಯ ಸಲ ಜಿಲೇಬಿ ತರಲು ಎದ್ದುಹೋದಾಗ ನಾನು ಕೇಳಿದೆ. "ಏನ್ ಕಂಡ್ರಿ?"

"ನೀರಿನ ಬಣ್ಣ ಒಂದ ಅಲ್ಲ," ಅಂದಳು. "ಹತ್ತಿರ ಹಸರ, ಆಚಿ ಕಡೆ ಬೂದಿ. ನಾ ಹುಡಿಗ್ಯಾರಿಗೆ ನೀಲಿ ಅಂತ ಹೇಳಿಕೊಟ್ಟೇನಿ. ಒಂದ ಸಣ್ಣ ದೋಣಿ ಬಂತು, ಅದರಾಗಿನವಾ ನನ್ನ ನೋಡಿ ಕೈ ಎತ್ತಿದ. ನಾನೂ ಎತ್ತಿದೆ. ನೀ ಇದ್ದಿದ್ರ..."

ಅಷ್ಟು ಕೇಳಿದ್ದೇ ನನಗೆ ತಡೆಯಲಾಗಲಿಲ್ಲ. ಎರಡು ತಿಂಗಳಿಂದ ಎಡ, ಬಲ ಎಂದು ನಾನು ಸತ್ತದ್ದು, ಚಡಚಣಕ್ಕೆ ಹೋದದ್ದು, ಹದಿನೈದು ಫೋನು, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. "ಯಾರದರ ಬಾಗಲಾ ಬಡಿತೇನಿ ಅಂತ ಮೊದಲs ಹೇಳಬಾರದಿತ್ತೇನ್ರಿ? ಬಲಾ ಅಂತ ಗೊತ್ತಾದ ದಿನಾನ ಹೇಳಬೌದಿತ್ತಲ್ಲ?"

ಅತ್ತೆ ತಟ್ಟೆಯಲ್ಲಿ ಅನ್ನ ಕಲೆಸುವುದನ್ನು ನಿಲ್ಲಿಸಿದಳು.

"ಏನ್ ಬೇಕಂತ ನನ್ನ ಯಾರ ಕೇಳಿದ್ರಿ, ತಂಗಿ? ಬಲಾ ತಗೊಂಡೇವಿ ಅಂತ ಫೋನ್ ಮಾಡಿದ್ರಿ. ಆಗಲಿ ಅಂದೆ."

ಹೌದು, ಯಾರೂ ಕೇಳಿರಲಿಲ್ಲ. ಅಂಗಡಿಯ ಹಮಾಲನನ್ನು ಕೇಳಿದ್ದೆವು, ದ್ರಾಕ್ಷಿ ಬೆಳೆಗಾರನನ್ನು ಕೇಳಿದ್ದೆವು. ನನಗೆ ಸಿಟ್ಟು ಇಳಿಯಲಿಲ್ಲ. ಈಗ ಅದನ್ನು ಯಾರ ಮೇಲೆ ಇಡಬೇಕೆಂದು ತಿಳಿಯದೆ ಇನ್ನೂ ಹೆಚ್ಚಾಯಿತು.

"ಹಂಗಾದ್ರ ಈಗ ಹೇಳ್ರಿ. ಯಾವ ಮಗ್ಗಲ ಬೇಕಿತ್ತು ನಿಮಗ?"

ಅವಳು ಯೋಚಿಸಿದಳು. ನಿಜವಾಗಿಯೇ ಯೋಚಿಸಿದಳು, ನನ್ನನ್ನು ಸಮಾಧಾನ ಮಾಡಲು ಅಲ್ಲ.

"ನೆಳ್ಳಿನ ಮಗ್ಗಲ," ಅಂದಳು. "ಆದ್ರ ಆಗ ನಿನ್ನೂ ಕರದಿದ್ನಿ, ಬಾ ಅಂತ. ನೀ ಅವರನ್ನ ಕರಕೊಂಡು ಹ್ವಾದಿ."

ಕಾಕಾ ಜಿಲೇಬಿಯ ತಟ್ಟೆ ಹಿಡಿದು ಬರುತ್ತಿದ್ದ. ಅತ್ತೆ ನೀರಿನ ಲೋಟವನ್ನು ನನ್ನ ಕಡೆ ಸರಿಸಿ ಮತ್ತೆ ಅನ್ನ ಕಲೆಸತೊಡಗಿದಳು. ನಾನು ಎದ್ದು ಬಾಗಿಲಿನ ಹೊರಗೆ, ಕಟಕಟೆಯ ಹತ್ತಿರ ಹೋಗಿ ನಿಂತೆ. ಏನೂ ಕಾಣಿಸಲಿಲ್ಲ. ಕೆಳಗೆಲ್ಲೋ ನೀರು ಹಡಗಿನ ಪಕ್ಕೆಗೆ ಬಡಿಯುತ್ತಿತ್ತು.